ಬದುಕಿದ್ದವನಿಗೆ ಬಡಿಸಿದ ಎಲೆ

ಕುಂಜತ್ತೂರು ಪೇಟೆಯಲ್ಲಿ, ಸಂತೆಗಳಲ್ಲಿ ಯೇಸುವಿನ ಸುವಾರ್ತೆ ಸಾರುತ್ತಿದ್ದ ಉಪದೇಶಿ ವಾಸಪ್ಪನಿಗೆ ಜನ ಇಟ್ಟ ಹೆಸರು ಕುಲೆ. ಕುಲೆಯೆಂದರೆ ಸತ್ತವರ ಪ್ರೇತ. ಇಟ್ಟವರದು ತಪ್ಪೆನ್ನುವ ಹಾಗೂ ಇರಲಿಲ್ಲ. ಅವನು ಸ್ನಾನದೀಕ್ಷೆ ಪಡೆದು ಕ್ರೈಸ್ತನಾದ ಮೇಲೆ ಮನೆಯ ಯಜಮಾನನಾದ ಸೋದರಮಾವ ಚೆನ್ನಯ್ಯ ಊರವರನ್ನೆಲ್ಲ ಕರೆದು, ಅಳಿಯ ಸತ್ತನೆಂದು ಸಾರಿ, ಉತ್ತರಕ್ರಿಯೆ ಮಾಡಿ ಊಟ ಹಾಕಿಸಿ ಕೈತೊಳೆದುಕೊಂಡಿದ್ದ. ಆ ಊಟ ಉಂಡವರು ಆಮೇಲೆ ದಾರಿಯಲ್ಲಿ ವಾಸಪ್ಪನನ್ನು ಕಂಡಾಗ ಮುಖ ತಿರುಗಿಸಬೇಕೋ ನಗಬೇಕೋ ತಿಳಿಯದೆ ಒದ್ದಾಡಿದರು. ಕೊನೆಗೆ ನಗುವುದೇ ಸುಲಭವೆಂದು ಕಂಡುಕೊಂಡರು.

"ಕುಲೆ ಬಂತು, ದಾರಿ ಬಿಡಿ ಮಾರಾಯ್ರೆ!" ಎಂದು ಗಡಂಗಿನಲ್ಲಿ ಕುಡಿಯುತ್ತ ಕೂತವರು ಕೂಗುತ್ತಿದ್ದರು.

ಮೊದಮೊದಲು ವಾಸಪ್ಪ ನಿಂತು, "ದೇವರು ನಿಮಗೆ ಒಳ್ಳೇದು ಮಾಡಲಿ" ಎನ್ನುತ್ತಿದ್ದ, ಮನಸ್ಸಿನಿಂದಲೇ ಎನ್ನುತ್ತಿದ್ದ. ಈಗಲೂ ಅದನ್ನೇ ಹೇಳುತ್ತಿದ್ದ, ಆದರೆ ನಿಲ್ಲುತ್ತಿರಲಿಲ್ಲ. ವರ್ಷಗಟ್ಟಲೆ ಅದೇ ಬೈಗುಳಕ್ಕೆ ಅದೇ ಆಶೀರ್ವಾದ ಕೊಟ್ಟು ಅವನಿಗೆ ಸಾಕುಸಾಕಾಗಿತ್ತು. ಯುದ್ಧದ ದೆಸೆಯಿಂದ ಅಕ್ಕಿಯೂ ಸರಿಯಾಗಿ ಸಿಗದ ಕಾಲ. ಹಸಿದ ಹೊಟ್ಟೆಯಲ್ಲಿ ಕ್ಷಮಿಸುತ್ತ ತಿರುಗುವುದು ಎಷ್ಟು ಸುಸ್ತಿನ ಕೆಲಸವೆಂದು ಕ್ಷಮೆಯ ಬಗ್ಗೆ ಭಾಷಣ ಮಾಡುವವರಿಗೆ ಗೊತ್ತಿರುವುದಿಲ್ಲ.

ಮಳೆ ಸುರಿಯುವ ಆಟಿ ತಿಂಗಳಲ್ಲಿ ಒಂದು ಮಧ್ಯಾಹ್ನ ತಂಗಿ ಲೋಲಾಕ್ಷಿ ಅವನ ಬಿಡಾರಕ್ಕೆ ಬಂದಳು. ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತಳು.

"ಅಣ್ಣಾ, ಅಮ್ಮ ಇನ್ನು ಹೆಚ್ಚು ದಿನ ಇಲ್ಲ. ನಾಳೆ ಕುಲೆಗಳಿಗೆ ಬಡಿಸ್ಲಿಕ್ಕುಂಟು. ನೀನು ಬಂದು ನಿನ್ನ ಎಲೆಯಲ್ಲಿ ಉಣ್ಬೇಕಂತೆ."

ವರ್ಷಕ್ಕೊಮ್ಮೆ ಈ ತಿಂಗಳಲ್ಲಿ ಮನೆಯ ಒಳಕೋಣೆಯಲ್ಲಿ ಸತ್ತ ಹಿರಿಯರಿಗೆಲ್ಲ ಬಾಳೆಲೆ ಹಾಕಿ, ಅನ್ನ, ಕೋಳಿಸಾರು ಬಡಿಸಿ, ಬಾಗಿಲು ಮುಚ್ಚಿ ಮನೆಯವರು ಹೊರಗೆ ಕಾಯುತ್ತಾರೆ. ಸತ್ತವರು ಬಂದು ಉಂಡು ಹೋಗುತ್ತಾರೆಂದು ನಂಬಿಕೆ. ತಾಯಿ ಕಿನ್ನಿ ಅಲ್ಲೇ ಕೊನೆಯಲ್ಲಿ ವಾಸಪ್ಪನಿಗೂ ಒಂದೆಲೆ ಹಾಕುತ್ತಿದ್ದಳು. ಬದುಕಿರುವ ಮಗನಿಗೆ ಅನ್ನ ಹಾಕಲು ಅವಳಿಗೆ ಆ ಮನೆಯಲ್ಲಿ ಬೇರೆ ದಾರಿಯೇ ಇರಲಿಲ್ಲ. ಬಾಗಿಲು ತೆಗೆದಾಗ ಎಲೆ ಇಟ್ಟ ಹಾಗೇ ಇರುತ್ತಿತ್ತು. ಉಳಿದ ಎಲೆಗಳೂ ಹಾಗೇ ಇರುತ್ತಿದ್ದವು ಎನ್ನಿ. ಆದರೆ ಅವಳ ಕಣ್ಣಿಗೆ ಬೀಳುತ್ತಿದ್ದದ್ದು ಅದೊಂದೇ.

ವಾಸಪ್ಪ ಬಾಯಿ ಮುಚ್ಚಿಕೊಂಡು ಹೋಗಿ ಬರಬಹುದಿತ್ತು. ಕದ್ದು ಮಾಡಲು ಮನಸ್ಸೊಪ್ಪದೆ ಕ್ರೈಸ್ತ ಸಭೆಯ ಹಿರಿಯರಾದ ಲೋಕನಾಥರಲ್ಲಿ ಹೇಳಿದ.

"ಉಪದೇಶಿಗಳೇ, ಪ್ರೇತಕ್ಕಿಟ್ಟ ಅನ್ನ ಉಂಡ್ರೆ ಮತ್ತೆ ನಿಮಗೆ ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸ ಕೊಡ್ಲಿಕ್ಕಿಲ್ಲ. ಕೆಲಸವೂ ಉಳೀಲಿಕ್ಕಿಲ್ಲ. ನೀವೇ ಹೀಗೆ ಮಾಡಿದ್ರೆ ಹೊಸಬರಿಗೆ ನಾವು ಎಂತ ಹೇಳುದು?" ಎಂದರು ಲೋಕನಾಥರು.

ಅವರು ಕೆಟ್ಟವರಲ್ಲ, ಹೇಳಿದ್ದು ತಪ್ಪೂ ಅಲ್ಲ, ಕಷ್ಟವಿದ್ದದ್ದೇ ಅಲ್ಲಿ. ಹೋದರೆ ಸಭೆಯಿಂದ ಹೊರಗೆ. ಹೋಗದಿದ್ದರೆ ತಾಯಿ ಆ ಮುಟ್ಟದ ಎಲೆಯನ್ನೇ ನೆನೆಯುತ್ತ ಕಣ್ಣು ಮುಚ್ಚುತ್ತಾಳೆ. ವಾಸಪ್ಪ ಮೊಣಕಾಲೂರಿ ಪ್ರಾರ್ಥಿಸಿದ. ಉತ್ತರ ಬರಲಿಲ್ಲ, ನಿದ್ದೆ ಬಂತು.

ಮರುದಿನ ಮುಸ್ಸಂಜೆ ಲೋಲಾಕ್ಷಿ ಹಿತ್ತಿಲ ಬಾಗಿಲು ತೆಗೆದು ಅವನನ್ನು ಒಳಕೋಣೆಗೆ ಬಿಟ್ಟಳು. ಮೂಲೆಯಲ್ಲಿ ಚಾಪೆಯ ಮೇಲೆ ತಾಯಿ ಮಲಗಿದ್ದಳು. ಅಲ್ಲಿಂದ ಎತ್ತುವ ಸ್ಥಿತಿಯಲ್ಲಿರಲಿಲ್ಲವೆಂದು ಅವಳನ್ನು ಅಲ್ಲೇ ಬಿಟ್ಟಿದ್ದರು. ದೀಪದ ಮುಂದೆ ಎಲೆಗಳ ಸಾಲು. ಮುಚ್ಚಿದ ಮುಂಬಾಗಿಲಿನ ಆಚೆ ಮಾವನೂ ನೆಂಟರೂ ಉಸಿರು ಬಿಗಿಹಿಡಿದು ಕೂತಿದ್ದರು.

"ಬಂದ್ಯಾ ಮಗಾ? ಉಣ್ಣು."

"ಅಮ್ಮಾ, ಇದು ಸತ್ತವರಿಗೆ ಇಟ್ಟದ್ದಲ್ವಾ?"

"ನಾನು ನಿನಗೆ ಇಟ್ಟದ್ದು. ಅವರು ಎಂತ ಬೇಕಾದ್ರೂ ಹೇಳ್ಲಿ."

ವಾಸಪ್ಪ ಕೊನೆಯ ಎಲೆಯ ಮುಂದೆ ಕೂತು, ಕಣ್ಣು ಮುಚ್ಚಿ ಕೈ ಜೋಡಿಸಿದ. ಮಾಡಿದ ತಪ್ಪು ಒಂದೇ. ಸಂತೆಯ ಗದ್ದಲದ ಮೇಲೆ ದನಿಯೆತ್ತಿ ರೂಢಿಯಾದ ಉಪದೇಶಿಗೆ ಮೆಲ್ಲಗೆ ಪ್ರಾರ್ಥಿಸುವುದು ಮರೆತೇಹೋಗಿತ್ತು.

"ಕರ್ತನೇ, ಈ ಅನ್ನ ನೀನು ಕೊಟ್ಟದ್ದು. ನನ್ನ ತಾಯಿಯ ಕೈಯಿಂದ ಕೊಟ್ಟದ್ದು. ನನಗೆ ಸುಸ್ತಾಗಿದೆ. ಈ ಮನೆಯನ್ನು ಕಾಪಾಡು. ನನ್ನ ಮಾವ ಚೆನ್ನಯ್ಯನಿಗೆ ಆಯುಷ್ಯ ಆರೋಗ್ಯ ಕೊಡು. ಆಮೆನ್."

ಹೊರಗೆ ಯಾರೋ ಹೆಂಗಸು ಕಿಟಾರನೆ ಕಿರುಚಿದಳು. "ಕುಲೆ ಮಾತಾಡಿತು!" ನೆಂಟರಲ್ಲಿ ಕೆಲವರು ಅಂಗಳಕ್ಕೆ ಹಾರಿದರು. ವಾಸಪ್ಪನಿಗೆ ಅದಾವುದೂ ಕಿವಿಗೆ ಬೀಳಲಿಲ್ಲ. ಒಂದು ತುತ್ತು ಬಾಯಿಗಿಟ್ಟದ್ದೇ ತಡ, ಅವನು ಮಗುವಿನ ಹಾಗೆ ಗಬಗಬನೆ ತಿನ್ನತೊಡಗಿದ. ಅಮ್ಮನ ಹದದ್ದೇ ಸಾರು, ಮಲಗಿದಲ್ಲಿಂದಲೇ ಲೋಲಾಕ್ಷಿಗೆ ಹೇಳಿಕೊಟ್ಟು ಮಾಡಿಸಿದ್ದಳು. ಕಣ್ಣೀರು ಸುರಿಯುತ್ತಿತ್ತು.

ಬಾಗಿಲು ತೆರೆಯಲು ಧೈರ್ಯ ಬಂದದ್ದು ಚೆನ್ನಯ್ಯನೊಬ್ಬನಿಗೆ. ಆ ಸ್ವರ ಯಾರದೆಂದು ಅವನಿಗೆ ಗೊತ್ತಿತ್ತು, ಎತ್ತಿ ಆಡಿಸಿದ ಅಳಿಯನದು.

"ಯಾರನ್ನು ಕೇಳಿ ಒಳಗೆ ಬಂದದ್ದು?" ಎಂದು ಕೈಯೆತ್ತಿ ಗುಡುಗಿದ. "ಮನೆಯ ಮಾನ ತೆಗೆದದ್ದು ಸಾಲದಾ ನಿನಗೆ?"

ವಾಸಪ್ಪ ತಲೆಯೆತ್ತಿದ. ವಾದಿಸುವಷ್ಟು ತ್ರಾಣವಿರಲಿಲ್ಲ, ಸಿಟ್ಟೂ ಇರಲಿಲ್ಲ. "ತಪ್ಪಾಯ್ತು ಮಾವಾ. ನಾಳೆ ಸಭೆಯಲ್ಲೂ ಹೇಳ್ತೇನೆ, ಉಂಡೆ ಅಂತ. ಅವರು ಕೆಲಸದಿಂದ ತೆಗೀತಾರೆ. ನೀವು ಹೊಡೆದ್ರೂ ಅಡ್ಡಿಲ್ಲ. ನಿಮಗೆ ಬೇಕಾಗಿ ಬೇಡಿಕೊಂಡದ್ದನ್ನು ನಾನು ಹಿಂದೆ ತೆಗೆದುಕೊಳ್ಳುದಿಲ್ಲ."

ಚೆನ್ನಯ್ಯನ ಎತ್ತಿದ ಕೈ ಅಲ್ಲೇ ನಿಂತಿತು. ತನ್ನ ಆಯುಷ್ಯಕ್ಕಾಗಿ ಯಾರೂ ಅಷ್ಟು ಗಟ್ಟಿಯಾಗಿ ಬೇಡಿಕೊಂಡದ್ದನ್ನು ಅವನು ಕೇಳಿರಲಿಲ್ಲ.

ಮೂಲೆಯಿಂದ ಕಿನ್ನಿಯ ದನಿ ಬಂತು. "ಚೆನ್ನಯ್ಯಾ, ಅವನ ಎಲೆ ಖಾಲಿಯಾಯ್ತು. ಇನ್ನು ಸ್ವಲ್ಪ ಬಡಿಸು."

ಕುಲೆಗಳಿಗೆ ಬಡಿಸುವುದು ಒಂದೇ ಸಲ. ಇನ್ನೂ ಬೇಕೇ ಎಂದು ಕೇಳಿ ಬಡಿಸುವುದು ಬದುಕಿದ್ದವರಿಗೆ ಮಾತ್ರ. ಅದು ಅಕ್ಕನಿಗೂ ಗೊತ್ತಿತ್ತು, ತಮ್ಮನಿಗೂ ಗೊತ್ತಿತ್ತು.

ಚೆನ್ನಯ್ಯ ಅಡುಗೆಮನೆಗೆ ಹೋಗಿ ಕೋಳಿಸಾರಿನ ಪಾತ್ರೆ ತಂದು ಅಳಿಯನ ಎಲೆಯ ಮುಂದೆ ಬಗ್ಗಿದ.

"ಸಾಕಾಗುವಾಗ ಹೇಳು" ಎಂದ.

ವಾಸಪ್ಪ ಸಾಕು ಎನ್ನಲಿಲ್ಲ.