ಏಳು ಸಲ ತೊಳೆದವನು

ಅಂದು ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಇತ್ಯರ್ಥವಾಗಬೇಕಿದ್ದ ಘನವಾದ ವಿಚಾರವೆಂದರೆ, ಹೂಚಕ್ರವನ್ನು ಶವದ ತಲೆಯ ಬದಿಗೆ ಇಡುವುದೋ ಕಾಲಿನ ಬದಿಗೋ ಎಂಬುದು. ಪ್ರಾಧ್ಯಾಪಕರು ಎರಡೂ ಕಡೆ ಇಟ್ಟು ನೋಡಿ, ಕೊನೆಗೆ ಫೋಟೊದಲ್ಲಿ ತಾವೂ ಬೀಳುವ ಕಡೆ ಇಟ್ಟರು. ಆಮೇಲೆ ಮಾತಾಡಿದರು. ಮೂವತ್ತೊಂದು ವರ್ಷ ತಮ್ಮ ಪ್ರಯೋಗಾಲಯದಲ್ಲಿ ದುಡಿದವನ ಬಗ್ಗೆ ಅವರಿಗೆ ಹೊಳೆದ ಗುಣ ಒಂದೇ: ಒಂದು ಗಾಜಿನ ಸೀಸೆಯನ್ನೂ ಒಡೆದವನಲ್ಲ.

ಗೋಡೆಗೊರಗಿ ಕೂತಿದ್ದ ಸತ್ತವನ ಹೆಂಡತಿ ಕೇಳಿಸಿಕೊಂಡಳು. ತಿಂಗಳಿಗೊಂದು ಸೀಸೆ ಒಡೆದ ಸುದ್ದಿಯನ್ನು ಗಂಡ ಹೇಳುತ್ತಿದ್ದದ್ದು ಅವಳಿಗೇ ತಾನೆ.

*

ಅವನ ಕೆಲಸ ಹೇಳಿಕೊಳ್ಳುವಂಥದ್ದಲ್ಲ. ಇಲಿಯ ಮಿದುಳನ್ನು ಅರೆದು, ಸಣ್ಣ ಜಾಲರಿಯ ಮೇಲೆ ಸುರಿದು ತೊಳೆಯುವುದು. ತಿರುಳು ಕೆಳಗಿಳಿದು, ಕೂದಲಿಗಿಂತ ತೆಳುವಾದ ರಕ್ತನಾಳಗಳು ಮೇಲೆ ಉಳಿಯುತ್ತವೆ. ಎರಡರಲ್ಲೂ ಯಾವ ಯಾವ ಕೊಬ್ಬು ಎಷ್ಟಿದೆ ಎಂದು ಯಂತ್ರ ಹೇಳುತ್ತದೆ. ಅವನು ಏಳು ಸಲ ತೊಳೆಯುತ್ತಿದ್ದ. ಈ ವರ್ಷ ಪ್ರಾಧ್ಯಾಪಕರಿಗೆ ಅವಸರ. ಎರಡೇ ಸಲ ಸಾಕೆಂದು ತಮ್ಮ ವಿದ್ಯಾರ್ಥಿನಿಯ ಕೈಲಿ ತೊಳೆಸಿದರು. ನಾಳಗಳ ಕೊಬ್ಬೂ ತಿರುಳಿನ ಕೊಬ್ಬೂ ಒಂದೇ ಎಂಬ ಪ್ರಬಂಧವೂ ಸಿದ್ಧವಾಯಿತು.

"ಒಂದೇ ಆಗದೆ ಇನ್ನೇನು? ತಿರುಳು ನಾಳಕ್ಕೆ ಮೆತ್ಕೊಂಡೇ ಇದೆ," ಎಂದು ಅವನು ಊಟಕ್ಕೆ ಕೂತಾಗ ಗೊಣಗಿದ್ದ. "ಪಾತ್ರೆ ತೊಳೆಯೋಕೂ ಬರದ ಜನ."

ಎರಡು ಸಲದ ಅಂಕಿ, ಏಳು ಸಲದ ಅಂಕಿ ಪಕ್ಕಪಕ್ಕ ಬರೆದಿದ್ದ ಪುಸ್ತಕವನ್ನು ಮನೆಗೆ ತಂದಿಟ್ಟಿದ್ದ.

*

ಪ್ರಾಧ್ಯಾಪಕರು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತರು. ಸಾಂತ್ವನಕ್ಕೆ ಅರ್ಧ ನಿಮಿಷ ಕೊಟ್ಟು, ಆ ಪುಸ್ತಕವೇನಾದರೂ ಮನೆಯಲ್ಲಿದೆಯೋ ಎಂದು ವಿಚಾರಿಸಿದರು.

ಇದೆ, ಕೊಡುವುದಿಲ್ಲ, ಎಂದಳು. ಇವರ ಕೈಗೆ ಸಿಕ್ಕರೆ ಗಂಡನ ಮಾತು ಅಲ್ಲಿಗೆ ಮುಗಿಯಿತು ಎಂದು ಅವಳಿಗೆ ಗೊತ್ತು.

ಪ್ರಾಧ್ಯಾಪಕರ ಮುಖ ಅರಳಿತು. "ಕೊಡಲೇಬೇಡಿ ಅಮ್ಮ. ಯಾರಿಗೂ ತೋರಿಸ್ಲೂಬೇಡಿ. ಪೆಟ್ಟಿಗೇಲಿಟ್ಟು ಬೀಗ ಹಾಕಿ, ನೆನಪಿಗಿರ್ಲಿ."

ಅವಳು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎದ್ದು ಒಳಗೆ ಹೋಗಿ, ಪುಸ್ತಕ ತಂದು, ಬಾಗಿಲ ಬಳಿ ನಿಂತಿದ್ದ ಅವರ ಸಂಶೋಧನಾ ವಿದ್ಯಾರ್ಥಿನಿಯ ಕೈಗಿಟ್ಟಳು.

"ನೀನೆಷ್ಟು ಸಲ ತೊಳ್ದೆ?"

"ಎರಡು," ಎಂದಳು ಹುಡುಗಿ, ನೆಲ ನೋಡುತ್ತ.

"ಏಳು ಸಲ ತೊಳಿ. ಇವರೆದುರಿಗೇ ಹೇಳ್ತಿದೀನಿ."

ಪ್ರಾಧ್ಯಾಪಕರು ಕೆಮ್ಮಿದರು. ಶವ ಎತ್ತುವ ಹೊತ್ತಾಯಿತೆಂದು ಯಾರೋ ಅಂದರು. ಹೆಗಲು ಕೊಡಲು ಎಲ್ಲರಿಗಿಂತ ಮುಂದೆ ಓಡಿದವರು ಅವರೇ.

ಹುಡುಗಿ ಏಳು ಸಲ ತೊಳೆದಳು. ನಾಳಗಳ ಕೊಬ್ಬೇ ಬೇರೆ, ತಿರುಳಿನದೇ ಬೇರೆ ಎಂಬ ಹೊಸ ಪ್ರಬಂಧ ಆರು ತಿಂಗಳಲ್ಲಿ ಅಚ್ಚಾಯಿತು. ಅದನ್ನು ಕಂಡುಹಿಡಿದವರು ಪ್ರಾಧ್ಯಾಪಕರು.