ಬಾನೆಟ್ಟಿನ ಮೇಲಿನ ಗೀರು

ದಸರೆಯ ಖಂಡೇ ಪೂಜೆಯ ಮರುದಿನ, ಅಪ್ಪ ಕಾರಿನ ಬಾನೆಟ್ಟಿಗೆ ಹಚ್ಚಿದ್ದ ವಿಭೂತಿ, ಕುಂಕುಮ ಒಣಗಿ ಕೂತಿತ್ತು. ಒದ್ದೆ ಬಟ್ಟೆಗೆ ಕುಂಕುಮ ಬಿಡಲಿಲ್ಲ. ನಾನು ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ತಂದು ಉಜ್ಜಿದೆ. ಕುಂಕುಮ ಹೋಯಿತು. ನೀರು ಆರಿದ ಮೇಲೆ ನೋಡಿದರೆ ಕಪ್ಪು ಬಣ್ಣದ ಮೇಲೆ ಅಂಗೈಯಗಲ ಬೆಳ್ಳನೆಯ ಗೀರುಗಳು.

ಮುಂಬಯಿಯ ಭಾಂಡುಪಿನ ನಮ್ಮ ಬಿಲ್ಡಿಂಗಿನಲ್ಲಿ ದಿನಾ ಬೆಳಿಗ್ಗೆ ಕಾರು ಒರೆಸುವವನು ನಿಂಗಣ್ಣ. ವಿಜಯಪುರದ ಕಡೆಯವನು. ಕನ್ನಡದ ಮನೆಯೆಂದು ನಮ್ಮ ಗಾಡಿಯಿಂದಲೇ ಶುರು ಮಾಡುತ್ತಿದ್ದ. ನಾನು ಉಜ್ಜಿದ ಮರುದಿನ ಬೆಳಿಗ್ಗೆ ಗೀರು ಕಂಡ ಅಪ್ಪ, ಮಣ್ಣು ಮೆತ್ತಿದ ಬಟ್ಟೆಯಲ್ಲಿ ಒರೆಸಿದ್ದೀಯೆಂದು ವಾಚ್‌ಮನ್, ಸೆಕ್ರೆಟರಿಯ ಎದುರೇ ಬೈದು ಅವನನ್ನು ನಮ್ಮ ಗಾಡಿಯ ಕೆಲಸದಿಂದ ಬಿಡಿಸಿಬಿಟ್ಟರು. ನಾನು ಎರಡನೇ ಮಹಡಿಯ ಕಿಟಕಿಯಲ್ಲಿದ್ದೆ. ನಿಂಗಣ್ಣ ಒಮ್ಮೆ ಮೇಲೆ ನೋಡಿ, ಬಕೆಟ್ಟು ಎತ್ತಿಕೊಂಡು ಹೋದ. ನಾನು ಎಲ್ಲವನ್ನೂ ಡೈರಿಯಲ್ಲಿ ಬರೆದೆ. ಬರೆದರೆ ಹೇಳಿದಂತೆಯೇ ಆಯಿತೆಂದುಕೊಂಡೆ.

ಭಾನುವಾರ ಅಪ್ಪ ಪಾಲಿಶ್, ಅದರ ಮೇಲೆ ನೀರು ನಿಲ್ಲದಂತೆ ಹಚ್ಚುವ ಸೀಲಂಟ್ ತರಿಸಿ ನನ್ನನ್ನೂ ಕೆಳಗೆ ಕರೆದರು. ಕಾರು ತೊಳೆದು, ಒಣಗಿಸಿ, ಸ್ಪಂಜಿಗೆ ಕಡಲೆಕಾಳಿನಷ್ಟು ಪಾಲಿಶ್ ಹಾಕಿಕೊಂಡು ಸ್ವಲ್ಪಸ್ವಲ್ಪವೇ ಉಜ್ಜುತ್ತ ಬಂದೆವು. ಅಂಗೈಯಗಲದ ಗೀರು ಎರಡು ಬೆರಳಗಲಕ್ಕೆ ಬಂತು. ಇನ್ನೊಂದು ಸುತ್ತು ಉಜ್ಜಿ ಸೀಲಂಟ್ ಹಚ್ಚಿದರೆ ಮುಗಿಯಿತು, ಆಮೇಲೆ ಗೀರೂ ಇಲ್ಲ, ಅದರ ಮಾತೂ ಇಲ್ಲ. ನನ್ನ ಕೈ ಅಲ್ಲೇ ನಿಂತಿತು.

"ಅಪ್ಪಾ, ಇದು ನಾನ ಮಾಡಿದ್ದು. ಸ್ಕ್ರಬ್ಬರ್‌ಲೆ ತಿಕ್ಕಿದ್ದೆ."

ಅಪ್ಪ ಸ್ಪಂಜನ್ನು ಕೆಳಗಿಟ್ಟರು. ಬೈಯಲಿಲ್ಲ.

"ಅಷ್ಟ ಮಂದಿ ಮುಂದ ನನ್ನ ಕಡಿಂದ ಅವಗ ಬೈಸಿದಿ. ಈಗ ನನಗ ಹೇಳಿ ಏನ ಮಾಡ್ತಿ? ಅವಗ ಹೇಳು, ನಡಿ."

ನಿಂಗಣ್ಣ ಬಿ ವಿಂಗಿನಲ್ಲಿ ಯಾರದೋ ಗಾಡಿಯ ಗಾಜು ಒರೆಸುತ್ತಿದ್ದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಎದುರು ನಿಂತಾಗ, ಗೀರು ನನ್ನಿಂದಾದದ್ದು ಎಂಬಷ್ಟೇ ಬಾಯಿಗೆ ಬಂತು. ಅಪ್ಪ ತಾವೇ ತಪ್ಪಾಯಿತೆಂದರು, ನಾಳೆಯಿಂದ ಬಾ ಎಂದರು.

"ನಂಗ ಅವತ್ತ ಗೊತ್ತಾತ್ರಿ," ಎಂದ ನಿಂಗಣ್ಣ, ಕೈ ನಿಲ್ಲಿಸದೆ. "ವೈಪರ್ ಸಂದಿನಾಗ ಹಸರ ಚೂರ ಸಿಕ್ಕಿದ್ವು. ಮ್ಯಾಲ ನೋಡಿದೆ, ತಂಗಿ ಮಾರಿ ನೋಡಿ ತಿಳೀತು."

ಹಾಗಾದರೆ ಹೇಳಬಾರದಿತ್ತೇ ಎಂದು ಅಪ್ಪ ಕೇಳಿದರು.

"ನಾ ಹೇಳಿದ್ರ ನಂಬತಿದ್ರೇನ್ರಿ ಸಾಹೇಬ್ರ? ಮೂರು ದಿವಸ ಕಾದೆ, ತಂಗಿ ಹೇಳ್ತಾರಂತ. ಆಮ್ಯಾಲ ಆ ಟೈಮ್ ಬ್ಯಾರೆ ಗಾಡಿಗೆ ಕೊಟ್ಟೆ."

ಇಬ್ಬರೂ ಹಿಂದಿರುಗಿದೆವು. ಉಳಿದ ಗೀರನ್ನು ಅಪ್ಪನೇ ಉಜ್ಜಿ ತೆಗೆದು ಸೀಲಂಟ್ ಹಚ್ಚಿದರು. ನನಗೆ ಬಟ್ಟೆ ಕೊಡಲಿಲ್ಲ.

ನಿಂಗಣ್ಣ ಟೈಮ್ ಕೊಟ್ಟದ್ದು ನಮ್ಮ ಪಕ್ಕದಲ್ಲೇ ನಿಲ್ಲುವ ಬಿಳಿ ಕಾರಿಗೆ. ದಿನಾ ಬೆಳಿಗ್ಗೆ ಕಿಟಕಿಯಿಂದ ನೋಡುತ್ತೇನೆ. ಅವನು ಬಟ್ಟೆ ಝಾಡಿಸಿದಾಗ ನಾಲ್ಕು ಹನಿ ನಮ್ಮ ಬಾನೆಟ್ಟಿನ ಮೇಲೂ ಬೀಳುತ್ತವೆ, ಬಿದ್ದವು ನಿಲ್ಲದೆ ಉರುಳಿ ಹೋಗುತ್ತವೆ. ಅವನು ಈಗ ಮೇಲೆ ನೋಡುವುದಿಲ್ಲ.