ಸುತ್ತಿಗೆಗೆ ಅಂಜಿದ ರಬ್ಬರ್ ಕೈ

ರಬ್ಬರ್ ಬಾಯಿಬಿಟ್ಟರೆ ಮಾತು ಎಳೆದಷ್ಟೂ ಉದ್ದವಾಗುತ್ತದೆಂದು ನೀವು ಅನುಮಾನಿಸಬಹುದು. ಇದು ಎಳೆದದ್ದಲ್ಲ, ನಡೆದದ್ದು. ಕೈಮೇಲೆ ಕೈಯಿಟ್ಟು ಆಣೆ ಮಾಡುತ್ತಿದ್ದೆ. ಏನು ಮಾಡಲಿ, ನಾನಿರುವುದೇ ಒಂದು ಕೈ.

ಹೌದು, ನಾನು ಒಂದು ರಬ್ಬರಿನ ಎಡಗೈ. ಅಚ್ಚಿನಿಂದ ಹೊರಬಿದ್ದಾಗಲೇ ನನಗೆ ಮೈಯಿರಲಿಲ್ಲ, ತಲೆಯಂತೂ ಕೇಳಲೇಬೇಡಿ. ಮೊದಲು ಧಾರವಾಡದ ಗಡಿಯಾರದಂಗಡಿಯ ಗಾಜಿನೊಳಗೆ ವಾಚು ಕಟ್ಟಿಕೊಂಡು ಮೆರೆದೆ. ಅಂಗಡಿ ಮುಚ್ಚಿತು, ಕೈಯಲ್ಲಿ ವಾಚಿದ್ದೂ ನನ್ನ ಕಾಲ ಕೆಟ್ಟಿತು. ವೈದ್ಯಕೀಯ ಕಾಲೇಜಿನ ಹಂಪಿಹೊಳಿ ಮೇಡಂ ನನ್ನನ್ನು ಪ್ರಯೋಗಾಲಯಕ್ಕೆ ಒಯ್ದರು.

ಭಯ ಹೇಗೆ ಹುಟ್ಟುತ್ತದೆ, ‘ಇದು ನನ್ನದು’ ಎಂಬ ಭಾವ ಮಿದುಳಿಗೆ ಎಲ್ಲಿಂದ ಬರುತ್ತದೆ ಎಂದು ಅವರು ಹುಡುಕುತ್ತಿದ್ದರು. ಪ್ರಯೋಗಕ್ಕೆ ಬಂದವರ ನಿಜವಾದ ಕೈಯನ್ನು ಹಲಗೆಯ ಮರೆಗೆ ಇರಿಸಿ, ನನ್ನನ್ನು ಅವರ ಕಣ್ಣೆದುರಿಗಿಡುವರು. ಎರಡೂ ಕೈಗೆ ಒಟ್ಟೊಟ್ಟಿಗೆ ಕುಂಚ ಸವರುವರು. ಕೊಂಚ ಹೊತ್ತಿಗೆ ಅವರ ಮಿದುಳು ಮೋಸಹೋಗಿ ನನ್ನನ್ನೇ ತನ್ನ ಕೈ ಅಂದುಕೊಳ್ಳುವುದು. ಆಗ ಸುತ್ತಿಗೆ ಎದ್ದು ನನ್ನ ಬೆರಳಿನ ಪಕ್ಕಕ್ಕೇ ಧಡ್ಡೆಂದು ಬೀಳುವುದು! ಅವರು ಬೆವರುವರು, ಯಂತ್ರ ಆ ಬೆವರನ್ನು ಅಳೆಯುವುದು. ನನಗೆ ಬೆವರಿಲ್ಲ, ನರವಿಲ್ಲ. ನನ್ನ ಭಯವನ್ನು ಅಳೆಯುವವರು ಯಾರು? ಸುತ್ತಿಗೆಯ ನೆರಳು ಬಿದ್ದರೆ ಉಗುರಿನವರೆಗೂ ತಣ್ಣಗಾಗುತ್ತಿದ್ದೆ.

ಸುತ್ತಿಗೆ ಹಿಡಿಯುವವನು ವಿದ್ಯಾರ್ಥಿ ಮಾರುತಿ. ಮೇಡಂ ದನಿಯನ್ನು ಮೇಡಂಗಿಂತ ಚೆನ್ನಾಗಿ ತೆಗೆಯುವ ಕಿಲಾಡಿ.

ಒಂದು ದಿನ ಅವನು ಬರುವ ಮುಂಚೆ ಕಬ್ಬಿನ ಹಾಲು ಮಾರುವ ದಸ್ತಗೀರ್‌ಸಾಬರು ಬಂದರು. ಗಾಣಕ್ಕೆ ಸಿಕ್ಕಿ ಅವರ ಎಡಗೈ ಹೋಗಿತ್ತು.

“ಅಕ್ಕಾರ, ಕೈ ಹೋತ್ರಿ, ಮುಷ್ಟಿ ಹೋಗವಲ್ತು. ಬಿಗದು ಕುಂತೈತಿ. ಇಲ್ಲದ ಉಗುರು ಇಲ್ಲದ ಅಂಗೈಗೆ ಚುಚ್ಚತಾವ್ರಿ. ನಿದ್ದಿ ಇಲ್ಲ. ಮನ್ಯಾಗ ಹುಚ್ಚ ಅನ್ನಾಕತ್ತಾರ.”

“ಹುಚ್ಚಲ್ಲ ಸಾಬ್ರ. ಕೈ ಹೋಗಿದ್ದು ಮಿದುಳಿಗೆ ಇನ್ನೂ ತಿಳಿದಿಲ್ಲ,” ಎಂದರು ಮೇಡಂ.

ಹಲಗೆಯ ಹಿಂದೆ ಅವರ ಮೋಟು ತೋಳಿಗೆ, ಮುಂದೆ ನನಗೆ ಕುಂಚ ಸವರಿದರು. ಸಾಬರ ಕಣ್ಣು ನನ್ನ ಮೇಲೆ ನೆಟ್ಟಿತು. “ಬಂತ್ರೀ... ನನ್ನ ಕೈ ಬಂತು! ಆದ್ರ ಮುಷ್ಟಿ ಬಿಚ್ಚವಲ್ತು.”

ಮೇಡಂ ಫೋನಿಗೆಂದು ಹೊರಹೋದರು. ಒಳಬಂದ ಮಾರುತಿ ಇದು ದಿನದ ಪ್ರಯೋಗವೇ ಅಂದುಕೊಂಡ. ಬೆನ್ನ ಹಿಂದೆ ನಿಂತು ಮೇಡಂ ದನಿ ತೆಗೆದ: “ಕಣ್ಣ ತಗೀಬ್ಯಾಡ್ರಿ, ಬರೇ ಕುಂಚ ಸವರತೇನಿ.”

ಸುತ್ತಿಗೆ ಎದ್ದಿತು. ಪಕ್ಕಕ್ಕೆ ಹೊಡೆದು ಹೊಡೆದು ಅವನಿಗೆ ಬೇಸರವಾಗಿತ್ತೋ ಏನೋ, ಅಂದು ನೇರ ನನ್ನ ಮೇಲೆಯೇ ಇಳಿಸಿದ.

“ಯಾ ಅಲ್ಲಾ!” ಸಾಬರು ಹಾರಿಬಿದ್ದರು. ಹಲಗೆ ಉರುಳಿತು. ಮೋಟು ತೋಳು ಕಂಡದ್ದೇ ಮಾರುತಿಯ ಮುಖ ಬಿಳುಚಿತು.

“ಕಾಕಾ, ತಪ್ಪಾತ್ರಿ... ಕೈ ಇಲ್ಲಂತ ಗೊತ್ತಿರಲಿಲ್ರಿ...”

ಮೇಡಂ ಓಡಿಬಂದರು. ಸಾಬರು ತೋಳಿನಾಚೆಯ ಬರಿಗಾಳಿಯನ್ನೇ ನೋಡುತ್ತಿದ್ದರು.

“ಅಕ್ಕಾರ... ಬಿಚ್ಚಿದ್ವು. ಅಂಜಿ ಐದೂ ಬೆರಳು ಬಿಚ್ಚಿದ್ವು ನೋಡ್ರಿ!”

ನನ್ನ ಹೆಬ್ಬೆರಳು ಹರಿದು ಜೋತಾಡುತ್ತಿತ್ತು. ಅಂದೇ ನನ್ನ ಉದ್ಯೋಗ ಮುಗಿದು ಕಪಾಟಿನ ಮೂಲೆ ಸೇರಿದೆ. ನೋವಾಯಿತೇ ಎಂದು ಯಾವ ಯಂತ್ರವೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಏನೆನ್ನುತ್ತಿದ್ದೆನೋ ನನಗೂ ತಿಳಿಯದು. ಕಂಡದ್ದಿಷ್ಟೇ: ಮಾರುತಿ ಅಳುತ್ತಲೇ ನಕ್ಕ, ಮೇಡಂ ಕುರ್ಚಿ ಹಿಡಿದುಕೊಂಡು ನಕ್ಕರು.

“ಲೇ ಹುಡುಗಾ, ಇಲ್ಲದ ಕೈ ಮುರದು ಗುಣಾ ಮಾಡಿದೆಲ್ಲೋ!” ಎಂದು ದಸ್ತಗೀರ್‌ಸಾಬರು ನಕ್ಕ ನಗೆಗೆ ಮಾತ್ರ ಕಿಟಕಿಯ ಗಾಜೆಲ್ಲ ಅದುರಿತು.